ರೋಡ್ ರೇಸಿಂಗನ್ನು ವೃತ್ತಿಯಾಗಿಸಿಕೊಳ್ಳುವುದು ಹೇಗೆ: ಮಿನಿ ಬೈಕಿನಿಂದ ಕೊನೆಯ ಒಪ್ಪಂದದವರೆಗೆ ಸಮಗ್ರ ಮಾರ್ಗದರ್ಶಿ

ಬೈಕನ್ನು ವೇಗವಾಗಿ ಓಡಿಸುವವರಿಗೆ ಯಾವ ಪ್ಯಾಡಕ್‌ನಲ್ಲೂ (ಟ್ರ್ಯಾಕಿನ ಪಕ್ಕ ತಂಡಗಳು ಬೀಡುಬಿಡುವ ಜಾಗ) ಬರವಿಲ್ಲ. ಜೀವ ಕೈಯಲ್ಲಿ ಹಿಡಿದು ಒಂದು ಲ್ಯಾಪ್ ಓಡಿಸಿ ಮೊದಲ ಸಾಲಿಗೆ ಬರುವವರು ಪ್ರತಿ ಚಾಂಪಿಯನ್‌ಶಿಪ್‌ನಲ್ಲೂ ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ಮೂರು ವರ್ಷ ಕಳೆದರೆ ಅವರಲ್ಲಿ ಹೆಚ್ಚಿನವರ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ. ತಂಡಗಳು ಸಂಬಳ ಕೊಟ್ಟು ಇಟ್ಟುಕೊಳ್ಳುವವರೇ ಬೇರೆ. ಸವೆದ ಟೈರಿನಲ್ಲೂ ಲ್ಯಾಪಿನ ಹಿಂದೆ ಲ್ಯಾಪು ಒಂದೇ ಸಮಯ ತೆಗೆಯುವವರು, ಬೈಕು ಎಲ್ಲಿ ಏನು ಮಾಡಿತೆಂದು ಎಂಜಿನಿಯರ್‌ಗೆ ಅರ್ಥವಾಗುವಂತೆ ಹೇಳಬಲ್ಲವರು, ಬೈಕನ್ನು ಇಡಿಯಾಗಿ ಗ್ಯಾರೇಜಿಗೆ ತಂದು ನಿಲ್ಲಿಸುವವರು. ಕೆಳಗಿನ ಹಂತಗಳೆಲ್ಲ ಈ ಮೂರು ಗುಣಗಳನ್ನು ಗಮನದಲ್ಲಿಟ್ಟುಕೊಂಡೇ ಬರೆದವು.

ಹಂತ 1: ಯಾವ ಏಣಿ ಹತ್ತುವುದೆಂದು ಮೊದಲು ಗೊತ್ತುಮಾಡಿಕೊಳ್ಳಿ

ಸರ್ಕ್ಯೂಟ್ ರೇಸಿಂಗಿನಲ್ಲಿ ದೊಡ್ಡ ಏಣಿಗಳು ಎರಡು. ಒಂದು ಗ್ರ್ಯಾನ್ ಪ್ರೀ. 1949ರಿಂದ ನಡೆಯುತ್ತಿರುವ ಈ ವಿಶ್ವ ಚಾಂಪಿಯನ್‌ಶಿಪ್‌ನ ಬೈಕುಗಳು ಶೋರೂಮಿನಲ್ಲಿ ಸಿಗುವುದಿಲ್ಲ, ರೇಸಿಗೆಂದೇ ಕಟ್ಟಿದವು. ಕೆಳಗಿನ ಮೆಟ್ಟಿಲು 250 ಸಿಸಿ ಒಂಟಿ ಸಿಲಿಂಡರ್‌ನ ಮೋಟೋ3. ನಡುವೆ ಮೋಟೋ2, ಅಲ್ಲಿ 2019ರಿಂದ ಎಲ್ಲರಿಗೂ ಟ್ರಯಂಫ್‌ನ ಒಂದೇ 765 ಸಿಸಿ ಎಂಜಿನ್. ತುದಿಯಲ್ಲಿ ಮೋಟೋಜಿಪಿ. 2012ರಿಂದ 1000 ಸಿಸಿ ಇದ್ದದ್ದು 2027ಕ್ಕೆ 850 ಸಿಸಿಗೆ ಇಳಿಯುತ್ತದೆ. ಇನ್ನೊಂದು ಏಣಿ 1988ರಲ್ಲಿ ಶುರುವಾದ ವರ್ಲ್ಡ್ ಸೂಪರ್‌ಬೈಕ್. ಮಾರಾಟಕ್ಕಿರುವ ಬೈಕುಗಳನ್ನೇ ರೇಸಿಗೆ ತಿದ್ದಿ ಓಡಿಸುವ ಈ ದಾರಿಗೆ ಆಯಾ ದೇಶಗಳ ಸೂಪರ್‌ಸ್ಪೋರ್ಟ್ (ಮಧ್ಯಮ ಗಾತ್ರದ ಎಂಜಿನ್ನಿನ ಬೈಕು) ಮತ್ತು ಸೂಪರ್‌ಬೈಕ್ ಚಾಂಪಿಯನ್‌ಶಿಪ್‌ಗಳೇ ಮೆಟ್ಟಿಲು.

ಗ್ರ್ಯಾನ್ ಪ್ರೀ ಏಣಿಗೆ ವಯಸ್ಸು ಬಹಳ ಮುಖ್ಯ. 2021ರಲ್ಲಿ ಶುರುವಾದ ಎಫ್‌ಐಎಂ (ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟ) ಮಿನಿಜಿಪಿ 10ರಿಂದ 14 ವರ್ಷದ ಮಕ್ಕಳಿಗಾಗಿ. ಅದರ ಮೇಲೆ ಏಷ್ಯಾ ಟ್ಯಾಲೆಂಟ್ ಕಪ್, ಬ್ರಿಟಿಷ್ ಟ್ಯಾಲೆಂಟ್ ಕಪ್, ನಾರ್ದರ್ನ್ ಟ್ಯಾಲೆಂಟ್ ಕಪ್‌ಗಳಿದ್ದವು, 2026ರಿಂದ ಅವು ಮೋಟೋ4 ಕಪ್‌ಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. ಅವುಗಳ ಮೇಲೆ 2007ರಿಂದ ನಡೆಯುತ್ತಿರುವ ರೆಡ್ ಬುಲ್ ರೂಕೀಸ್ ಕಪ್ ಮತ್ತು ಜೂನಿಯರ್‌ಜಿಪಿ ಎನ್ನುತ್ತಿದ್ದ ಕಿರಿಯರ ವಿಶ್ವ ಚಾಂಪಿಯನ್‌ಶಿಪ್. ಈ ಕಪ್‌ಗಳಲ್ಲಿ ಎಲ್ಲರೂ ಒಂದೇ ಥರದ ಬೈಕು ಓಡಿಸುವುದರಿಂದ ದುಡ್ಡಿನ ವ್ಯತ್ಯಾಸ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ರೂಕೀಸ್ ಕಪ್‌ನ ಮೊದಲ ಚಾಂಪಿಯನ್ ಯೋಹಾನ್ ಜಾರ್ಕೊ. 2014ರಲ್ಲಿ ಅದನ್ನು ಗೆದ್ದ ಹೋರ್ಹೆ ಮಾರ್ಟಿನ್ ಹತ್ತು ವರ್ಷದ ಬಳಿಕ ಮೋಟೋಜಿಪಿ ಚಾಂಪಿಯನ್ ಆದರು. 2016ರ ಏಷ್ಯಾ ಟ್ಯಾಲೆಂಟ್ ಕಪ್ ಚಾಂಪಿಯನ್ ಸೊಮ್ಕಿಯಾತ್ ಚಾಂತ್ರಾ 2025ರಲ್ಲಿ ಮೋಟೋಜಿಪಿಯಲ್ಲಿ ಪೂರ್ಣಾವಧಿ ಓಡಿದ ಮೊದಲ ಥಾಯ್ ಸವಾರ. ಏಣಿ ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ.

2021ರಲ್ಲಿ ಮೂವರು ಹದಿಹರೆಯದ ಸವಾರರು ಟ್ರ್ಯಾಕಿನಲ್ಲಿ ಪ್ರಾಣ ಕಳೆದುಕೊಂಡ ಮೇಲೆ, ಎಫ್‌ಐಎಂ 2023ರಿಂದ ವಿಶ್ವ ಚಾಂಪಿಯನ್‌ಶಿಪ್‌ಗಳಿಗೆ ಕನಿಷ್ಠ ವಯಸ್ಸನ್ನು 18ಕ್ಕೆ ಏರಿಸಿತು. ಕಿರಿಯರ ಕಪ್‌ಗಳಲ್ಲಿ ಮುಂಚೂಣಿಯಲ್ಲಿದ್ದವರಿಗೆ ಮಾತ್ರ ಕೊಂಚ ವಿನಾಯಿತಿ. ಹದಿನೈದಕ್ಕೇ ಮೇಲೇರಬೇಕೆಂದು ಮಕ್ಕಳ ಮೇಲೆ ಒತ್ತಡ ಹಾಕುವ ಪೋಷಕರಿಗೆ ಈಗ ಅವಸರಕ್ಕೆ ಕಾರಣವೇ ಉಳಿದಿಲ್ಲ.

ಇಪ್ಪತ್ತು ದಾಟಿದ ಮೇಲೆ ಮೊದಲ ಸಲ ಟ್ರ್ಯಾಕಿಗೆ ಇಳಿಯುವವರು ಗ್ರ್ಯಾನ್ ಪ್ರೀ ಕನಸಿಗೆ ದುಡ್ಡು ಸುರಿಯುವುದು ವ್ಯರ್ಥ. ಅವರಿಗೆ ರಾಷ್ಟ್ರೀಯ ಸೂಪರ್‌ಸ್ಪೋರ್ಟ್ ಮತ್ತು ಎಂಡ್ಯೂರೆನ್ಸ್ (ಗಂಟೆಗಟ್ಟಲೆ ನಡೆಯುವ) ರೇಸಿಂಗಿನ ಬಾಗಿಲು ತೆರೆದಿರುತ್ತದೆ. 1978ರಿಂದ ನಡೆಯುವ ಸುಜುಕಾ 8 ಗಂಟೆಗಳಂಥ ರೇಸಿನಲ್ಲಿ ಒಂದು ಬೈಕಿಗೆ ಎರಡು ಮೂರು ಸವಾರರು ಬೇಕು. ಅಲ್ಲಿ ತಪ್ಪು ಮಾಡದ, ಬೇರೆಯವರ ಸೆಟಪ್‌ಗೆ ಹೊಂದಿಕೊಳ್ಳುವ ಸವಾರರಿಗೆ ಬೇಡಿಕೆಯಿದೆ. ಮಹಿಳೆಯರಿಗೆ 2024ರಿಂದ ಪ್ರತ್ಯೇಕ ವಿಶ್ವ ಚಾಂಪಿಯನ್‌ಶಿಪ್ ಇದೆ. ಅದನ್ನು ಮೊದಲು ಗೆದ್ದ ಆನಾ ಕರಾಸ್ಕೊ 2018ರಲ್ಲೇ ಪುರುಷರ ಜೊತೆ ಓಡಿ ಸೂಪರ್‌ಸ್ಪೋರ್ಟ್ 300 ವಿಶ್ವ ಪಟ್ಟ ಗೆದ್ದವರು.

ಐಲ್ ಆಫ್ ಮ್ಯಾನ್ ಟಿಟಿಯಂಥ ಸಾರ್ವಜನಿಕ ರಸ್ತೆಯ ರೇಸುಗಳ ಲೋಕ ಬೇರೆಯೇ. ಸುಮಾರು 60 ಕಿಲೋಮೀಟರ್ ಉದ್ದದ ಲ್ಯಾಪು, ಪಕ್ಕದಲ್ಲಿ ಕಲ್ಲಿನ ಗೋಡೆ, ಸವಾರರನ್ನು ಹತ್ತು ಸೆಕೆಂಡಿನ ಅಂತರದಲ್ಲಿ ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ಅದಕ್ಕೆ ಬೇರೆ ಲೈಸೆನ್ಸು, ಬೇರೆ ಅನುಭವ ಬೇಕು. ಸರ್ಕ್ಯೂಟಿನಲ್ಲಿ ದಾರಿ ಸಿಗಲಿಲ್ಲವೆಂದು ಅತ್ತ ಹೊರಳುವುದು ಕೆಟ್ಟ ತೀರ್ಮಾನ.

ಹಂತ 2: ಚಿಕ್ಕ ಬೈಕಿನಲ್ಲಿ ಕಲಿಯಿರಿ

ಮೊದಲ ರೇಸ್ ಬೈಕಾಗಿ 600 ಅಥವಾ 1000 ಸಿಸಿ ಆರಿಸುವುದು ಅತಿ ಸಾಮಾನ್ಯ ತಪ್ಪು. ಶಕ್ತಿ ಹೆಚ್ಚಿದ್ದರೆ ತಿರುವಿನಲ್ಲಿ ಕಳೆದುಕೊಂಡದ್ದನ್ನು ನೇರ ಹಾದಿಯಲ್ಲಿ ಮರಳಿ ಪಡೆಯಬಹುದು, ಹಾಗಾಗಿ ತಪ್ಪು ಕಣ್ಣಿಗೇ ಬೀಳುವುದಿಲ್ಲ. 160 ಸಿಸಿಯ ಮಿನಿ ಬೈಕಿನಲ್ಲೋ 300 ಸಿಸಿ ಬೈಕಿನಲ್ಲೋ ತಿರುವಿನ ನಡುವೆ ಗಂಟೆಗೆ ಎರಡು ಕಿಲೋಮೀಟರ್ ವೇಗ ಬಿಟ್ಟುಕೊಟ್ಟರೆ ಮುಂದಿನ ನೇರ ಹಾದಿಯುದ್ದಕ್ಕೂ ಅದರ ದಂಡ ತೆರಬೇಕು. ಕಲಿಯಲು ಅಂಥ ಬೈಕೇ ಬೇಕು.

ಜೊತೆಗೆ ಮಣ್ಣಿನ ಅಂಡಾಕಾರದ ಟ್ರ್ಯಾಕಿನಲ್ಲಿ ಫ್ಲ್ಯಾಟ್ ಟ್ರ್ಯಾಕ್ ಅಭ್ಯಾಸವಿರಲಿ. ಹಿಂದಿನ ಚಕ್ರ ಜಾರುವಾಗ ಥ್ರಾಟಲ್ ಮುಚ್ಚದೆ ಹಿಡಿದಿಡುವುದು ಅಲ್ಲಿ ಗಂಟೆಗೆ ನೂರು ಸಲ ರೂಢಿಯಾಗುತ್ತದೆ, ಬಿದ್ದರೂ ಹೆಚ್ಚು ಪೆಟ್ಟಾಗುವುದಿಲ್ಲ. ಮೋಟೋಜಿಪಿ ಚಾಂಪಿಯನ್ ಕೇಸಿ ಸ್ಟೋನರ್ ಬೆಳೆದದ್ದು ಇಂಥ ಮಣ್ಣಿನ ಟ್ರ್ಯಾಕುಗಳಲ್ಲೇ.

ಹಂತ 3: ಲೈಸೆನ್ಸು ಮತ್ತು ಉಡುಪು

ಲೈಸೆನ್ಸ್ ಕೊಡುವುದು ಆಯಾ ದೇಶದ ಮೋಟಾರ್ ಸ್ಪೋರ್ಟ್ ಒಕ್ಕೂಟ. ವೈದ್ಯಕೀಯ ಪರೀಕ್ಷೆ, ಧ್ವಜಗಳ ಪರೀಕ್ಷೆ, ತರಬೇತಿ ಶಾಲೆಯ ಪ್ರಮಾಣಪತ್ರ ಕೇಳುತ್ತಾರೆ. ಅಂತರರಾಷ್ಟ್ರೀಯ ಲೈಸೆನ್ಸಿಗೆ ರಾಷ್ಟ್ರೀಯ ಮಟ್ಟದ ಫಲಿತಾಂಶ ಬೇಕಾಗುವುದರಿಂದ ಪ್ರತಿ ರೇಸಿನ ಸಹಿ ಮಾಡಿದ ಫಲಿತಾಂಶ ಪಟ್ಟಿಯನ್ನು ಎತ್ತಿಟ್ಟುಕೊಳ್ಳಿ.

ಉಡುಪಿನಲ್ಲಿ ಹೊಸದನ್ನೇ ಕೊಳ್ಳಬೇಕಾದ್ದು ಹೆಲ್ಮೆಟ್. ಎಫ್‌ಐಎಂ 2019ರಲ್ಲಿ ತನ್ನದೇ ಹೆಲ್ಮೆಟ್ ಅನುಮೋದನೆ ಜಾರಿಗೆ ತಂದಿದೆ. ಗದ್ದದ ಪಟ್ಟಿಯ ಬಳಿ ಹೊಲಿದಿರುವ ಅದರ ಲೇಬಲ್ ನಿಮ್ಮ ಚಾಂಪಿಯನ್‌ಶಿಪ್‌ಗೆ ಸಾಲುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಒಂದು ಸಲ ನೆಲಕ್ಕೆ ಬಡಿದ ಹೆಲ್ಮೆಟ್ಟಿನ ಒಳಗಿನ ಫೋಮ್ ಅಮುಕಿಹೋಗಿರುತ್ತದೆ, ಹೊರಗೆ ಗೀರು ಕಾಣದಿದ್ದರೂ ಅದನ್ನು ಬದಲಿಸಲೇಬೇಕು. ಲೆದರ್ ಸೂಟ್ ಏರ್‌ಬ್ಯಾಗ್ ಇರುವಂಥದ್ದಾಗಿರಲಿ. ಮೋಟೋಜಿಪಿಯಲ್ಲಿ 2018ರಿಂದ ಅದು ಕಡ್ಡಾಯ. ಏರ್‌ಬ್ಯಾಗ್ ಉಬ್ಬಲು ಜಾಗ ಬೇಕು, ಎದೆಯ ಭಾಗ ತೀರಾ ಬಿಗಿಯಾದ ಸೂಟಿನಲ್ಲಿ ಅದು ಪಕ್ಕೆಲುಬನ್ನೇ ಒತ್ತುತ್ತದೆ.

ಹಂತ 4: ತಪಾಸಣೆಯಲ್ಲಿ ವಾಪಸ್ ಬರದಂತೆ ಬೈಕು ಸಿದ್ಧಪಡಿಸುವುದು

ರಸ್ತೆಯ ಬೈಕನ್ನು ರೇಸಿಗೆ ತಿರುಗಿಸುವಾಗ ಮೊದಲು ಬಿಚ್ಚುವ ಕೆಲಸ. ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ, ಹಾರ್ನ್, ಸೈಡ್ ಸ್ಟ್ಯಾಂಡ್, ಹಿಂದಿನ ಸವಾರರ ಫುಟ್‌ಪೆಗ್ ಎಲ್ಲ ಹೋಗಬೇಕು. ಸೈಡ್ ಸ್ಟ್ಯಾಂಡ್ ತೆಗೆದಾಗ ಅದರ ಸ್ವಿಚ್ಚಿನ ವೈರನ್ನು ಸರಿಯಾಗಿ ಜೋಡಿಸದಿದ್ದರೆ ಗೇರ್ ಹಾಕಿದೊಡನೆ ಎಂಜಿನ್ ನಿಲ್ಲುತ್ತದೆ. ಗ್ರಿಡ್ಡಿನಲ್ಲಿ ಬೆವರಿಳಿಸುವ ಈ ತೊಂದರೆಯನ್ನು ಗ್ಯಾರೇಜಿನಲ್ಲೇ ಮುಗಿಸಿಕೊಳ್ಳಿ.

ಆಮೇಲೆ ದ್ರವಗಳು. ಗ್ಲೈಕಾಲ್ ಇರುವ ಕೂಲಂಟ್ ಟ್ರ್ಯಾಕಿನಲ್ಲಿ ನಿಷಿದ್ಧ. ಚೆಲ್ಲಿದರೆ ಅದು ಆರುವುದಿಲ್ಲ, ಎಣ್ಣೆಯಷ್ಟೇ ಜಾರುತ್ತದೆ, ತೊಳೆಯಲು ಸೆಷನ್ ನಿಲ್ಲಿಸಬೇಕಾಗುತ್ತದೆ. ರೇಡಿಯೇಟರನ್ನು ಎರಡು ಸಲ ತೊಳೆದು ಬರೀ ನೀರು ತುಂಬಿ. ಚಳಿಗಾಲದಲ್ಲಿ ಬೈಕು ನಿಲ್ಲಿಸುವಾಗ ಆ ನೀರನ್ನು ಬಸಿದುಬಿಡಿ, ಹೆಪ್ಪುಗಟ್ಟಿದರೆ ಎಂಜಿನ್ ಬ್ಲಾಕೇ ಸೀಳುತ್ತದೆ.

ಲಾಕ್‌ವೈರ್ (ಬೋಲ್ಟ್ ಸಡಿಲವಾಗದಂತೆ ಬಿಗಿಯುವ ತಂತಿ) ಕಟ್ಟುವುದು ತಪಾಸಕರು ಮೊದಲು ಬೆರಳಿಡುವ ಜಾಗ. ಆಯಿಲ್ ಡ್ರೇನ್ ಬೋಲ್ಟ್, ಆಯಿಲ್ ತುಂಬುವ ಮುಚ್ಚಳ, ಆಯಿಲ್ ಫಿಲ್ಟರ್, ಆಯಿಲ್ ಪೈಪಿನ ಬೋಲ್ಟುಗಳು, ಬ್ರೇಕ್ ಕ್ಯಾಲಿಪರ್ ಬೋಲ್ಟುಗಳು, ಇಷ್ಟಕ್ಕಂತೂ ಬೇಕೇಬೇಕು. ಬೋಲ್ಟಿನ ತಲೆಗೆ 1.5 ಮಿಲಿಮೀಟರ್ ತೂತು ಕೊರೆದು 0.8 ಮಿಲಿಮೀಟರಿನ ಸ್ಟೇನ್‌ಲೆಸ್ ತಂತಿ ಬಳಸಿ. ತಂತಿ ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತಿರಬೇಕು. ತಿರುವು ಸೆಂಟಿಮೀಟರಿಗೆ ಮೂರರಷ್ಟು ಸಾಕು. ಹೆಚ್ಚು ತಿರುವಿದರೆ ತಂತಿ ಗಡುಸಾಗಿ ಕಂಪನಕ್ಕೆ ಮುರಿಯುತ್ತದೆ. ಫಿಲ್ಟರಿಗೆ ತೂತು ಕೊರೆಯಲಾಗದು, ಅದರ ಸುತ್ತ ಹೋಸ್ ಕ್ಲಿಪ್ ಬಿಗಿದು ಆ ಕ್ಲಿಪ್ಪಿಗೆ ತಂತಿ ಕಟ್ಟಿ.

ಉಳಿದವುಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಪ್ರತಿ ರೇಸಿಗೆ ಮುಂಚೆ ಗುರುತು ಹಾಕಿ:

- ಕೆಳಗಿನ ಫೇರಿಂಗ್ (ಹೊರ ಕವಚ) ಎಂಜಿನ್ನಿನ ಎಣ್ಣೆ ಮತ್ತು ನೀರಿನ ಒಟ್ಟು ಪ್ರಮಾಣದ ಅರ್ಧವನ್ನಾದರೂ ಚೆಲ್ಲದೆ ಹಿಡಿಯಬೇಕು. ಅದರ ತೂತುಗಳು ಒಣ ಹವೆಯಲ್ಲಿ ಮುಚ್ಚಿರಬೇಕು, ಮಳೆಯಲ್ಲಿ ಮಾತ್ರ ತೆರೆಯಬೇಕು.
- ಹಿಂದಿನ ಸ್ಪ್ರಾಕೆಟ್ಟಿಗೂ ಚೈನಿನ ಕೆಳಸಾಲಿಗೂ ನಡುವೆ ಬೆರಳು ಸಿಕ್ಕದಂತೆ ತಡೆಯುವ ಗಾರ್ಡ್.
- ಮುಂದಿನ ಬ್ರೇಕ್ ಲಿವರಿಗೆ ಗಾರ್ಡ್. ಪಕ್ಕದ ಬೈಕು ತಗುಲಿ ಲಿವರ್ ತಾನಾಗಿ ಒತ್ತಿಕೊಂಡರೆ ಸವಾರ ಮುಂದಕ್ಕೆ ಹಾರುತ್ತಾನೆ.
- ಕೈ ಬಿಟ್ಟೊಡನೆ ತಾನಾಗಿ ಮುಚ್ಚುವ ಥ್ರಾಟಲ್. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಪರೀಕ್ಷಿಸಿ, ಕೇಬಲ್ ಎಳೆದುಕೊಳ್ಳುವುದು ಕೊನೆಯ ತಿರುಗಿನಲ್ಲೇ.
- ಮಳೆಗೆಂದು ಹಿಂದೆ ಕೆಂಪು ದೀಪ.

ಹಂತ 5: ಸಸ್ಪೆನ್ಶನ್ ಮತ್ತು ಟೈರು

ಸ್ಯಾಗ್, ಅಂದರೆ ಭಾರಕ್ಕೆ ಸಸ್ಪೆನ್ಶನ್ ಇಳಿಯುವ ಪ್ರಮಾಣ, ಅಳೆಯದೆ ಹೊಂದಾಣಿಕೆಯ ಕ್ಲಿಕ್ ತಿರುವಲು ಹೋಗಬೇಡಿ. ಪೂರ್ತಿ ಉಡುಪು ತೊಟ್ಟು ಬೈಕಿನ ಮೇಲೆ ಕೂತು, ಇಬ್ಬರ ಸಹಾಯದಿಂದ ಸಸ್ಪೆನ್ಶನ್ ಎಷ್ಟು ಇಳಿಯಿತೆಂದು ಅಳೆಯಿರಿ. ಒಮ್ಮೆ ಒತ್ತಿ ಬಿಟ್ಟು, ಒಮ್ಮೆ ಎತ್ತಿ ಬಿಟ್ಟು, ಎರಡರ ಸರಾಸರಿ ಹಿಡಿಯಿರಿ. ಸೂಪರ್‌ಸ್ಪೋರ್ಟ್ ಬೈಕಿಗೆ ಮುಂದೆ 30ರಿಂದ 35 ಮಿಲಿಮೀಟರ್, ಹಿಂದೆ 25ರಿಂದ 30 ಮಿಲಿಮೀಟರ್ ಒಳ್ಳೆಯ ಆರಂಭ. ಸವಾರರಿಲ್ಲದೆ ಬರೀ ಬೈಕಿನ ತೂಕಕ್ಕೆ ಹಿಂದೆ 5ರಿಂದ 10 ಮಿಲಿಮೀಟರ್ ಇಳಿಯಬೇಕು. ಸವಾರರ ಜೊತೆ ಅಳತೆ ಸರಿಯಿದ್ದು, ಖಾಲಿ ಬೈಕು ಒಂದಿಷ್ಟೂ ಇಳಿಯದಿದ್ದರೆ ಸ್ಪ್ರಿಂಗ್ ಮೆದು ಎಂದರ್ಥ. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಅಮುಕಿಡುವ ಹೊಂದಾಣಿಕೆ) ಬಿಗಿದು ಅದನ್ನು ಮುಚ್ಚಿಹಾಕಿದ್ದೀರಿ ಅಷ್ಟೇ, ಸ್ಪ್ರಿಂಗನ್ನೇ ಬದಲಿಸಬೇಕು.

ಕಂಪ್ರೆಶನ್ (ಸಸ್ಪೆನ್ಶನ್ ಇಳಿಯುವ ವೇಗ), ರಿಬೌಂಡ್ (ಮರಳಿ ಏಳುವ ವೇಗ) ಕ್ಲಿಕ್‌ಗಳನ್ನು ಪೂರ್ತಿ ಮುಚ್ಚಿದ ಸ್ಥಿತಿಯಿಂದ ಎಣಿಸಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ಎಲ್ಲರೂ ಹೇಳುತ್ತಾರೆ, ಕ್ವಾಲಿಫೈಯಿಂಗ್ ಹತ್ತಿರ ಬಂದಾಗ ಬಹುತೇಕ ಎಲ್ಲರೂ ಮುರಿಯುತ್ತಾರೆ. ಮೂರು ಒಟ್ಟಿಗೆ ಬದಲಿಸಿ ಲ್ಯಾಪ್ ಸಮಯ ಇಳಿದರೂ ಏನು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ, ಮುಂದಿನ ಟ್ರ್ಯಾಕಿನಲ್ಲಿ ಮತ್ತೆ ಮೊದಲಿನಿಂದ ಶುರು.

ಸ್ಲಿಕ್ (ಮೇಲ್ಮೈಯಲ್ಲಿ ಗೀರುಗಳಿಲ್ಲದ) ಟೈರುಗಳಿಗೆ ವಾರ್ಮರ್ (ಬಿಸಿ ಮಾಡುವ ಹೊದಿಕೆ) 80ರಿಂದ 90 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಬೇಕು. ಇಪ್ಪತ್ತು ನಿಮಿಷಕ್ಕೆ ಮೇಲ್ಮೈ ಕೈಗೆ ಬಿಸಿ ಹತ್ತುತ್ತದೆ, ಆದರೆ ಒಳಗಿನ ಪದರವೂ ರಿಮ್ಮೂ ಇನ್ನೂ ತಣ್ಣಗೇ ಇರುತ್ತವೆ. ಹೊರಗೆ ಹೋದ ಎರಡನೇ ತಿರುವಿಗೆ ಮೇಲ್ಮೈಯ ಬಿಸಿಯೂ ಆರಿ ಮುಂದಿನ ಚಕ್ರ ಕೈಕೊಡುತ್ತದೆ. ಗಾಳಿಯ ಒತ್ತಡವನ್ನು ಟೈರ್ ಕಂಪನಿಯವರು ಹೇಳಿದ ಬಿಸಿ ಅಳತೆಗೆ, ವಾರ್ಮರ್ ತೆಗೆದ ಕ್ಷಣದಲ್ಲೇ ಸರಿಮಾಡಿ. ಇನ್ನೊಬ್ಬರ ಬೈಕಿನ ಹಿಂದೆ ಅಂಟಿಕೊಂಡು ಓಡುವಾಗ ಮುಂದಿನ ಟೈರಿಗೆ ತಂಗಾಳಿ ಸಿಗದೆ ಒತ್ತಡ ಏರುತ್ತದೆ, ಒಬ್ಬರೇ ಓಡಿದರೆ ಇಳಿಯುತ್ತದೆ. ಮೋಟೋಜಿಪಿಯಲ್ಲಿ ಇದು ಫಲಿತಾಂಶವನ್ನೇ ತಿರುಗಿಸಬಲ್ಲದು. 2024ರಿಂದ ಅಲ್ಲಿ ಮುಂದಿನ ಟೈರಿನ ಕನಿಷ್ಠ ಒತ್ತಡ 1.80 ಬಾರ್. ಮುಖ್ಯ ರೇಸಿನ ಶೇ 60ರಷ್ಟು ಲ್ಯಾಪುಗಳಲ್ಲಿ ಅದಕ್ಕಿಂತ ಮೇಲಿರದಿದ್ದರೆ 16 ಸೆಕೆಂಡಿನ ದಂಡ.

ಸೆಷನ್ ಮುಗಿದೊಡನೆ ಟೈರಿನ ಮೇಲ್ಮೈ ಓದಿ. ನುಣ್ಣಗೆ ಒಂದೇ ಸಮ ಸವೆದಿದ್ದರೆ ಸರಿ. ಆಳವಾಗಿ ಕಿತ್ತುಬಂದ ಹರಕು ಕಂಡರೆ ಟೈರು ಒಳಗಿನವರೆಗೆ ಬಿಸಿಯಾಗಿಲ್ಲ, ವಾರ್ಮರ್ ಸಮಯ ಹೆಚ್ಚಿಸಿ ಅಥವಾ ಮೆದು ರಬ್ಬರ್ ಹಾಕಿ. ಮೇಲ್ಮೈ ಸುಟ್ಟಂತೆ ಹೊಳೆದು ಸಣ್ಣ ಸುಕ್ಕುಗಳೆದ್ದಿದ್ದರೆ ಬಿಸಿ ಹೆಚ್ಚಾಗಿದೆ, ಗಟ್ಟಿ ರಬ್ಬರ್ ನೋಡಿ.

ಹಂತ 6: ಲ್ಯಾಪ್ ಕಟ್ಟುವುದು

ಸಮಯ ಸಿಗುವುದು ಬ್ರೇಕ್ ತಡವಾಗಿ ಹಿಡಿಯುವುದರಲ್ಲಿ ಎಂಬ ನಂಬಿಕೆ ಹೊಸಬರನ್ನು ಹೆಚ್ಚು ಬೀಳಿಸುತ್ತದೆ. ಸಮಯವಿರುವುದು ಬ್ರೇಕ್ ಬಿಡುವ ರೀತಿಯಲ್ಲಿ.

ಬ್ರೇಕಿಂಗನ್ನು ಮೂರು ಭಾಗ ಮಾಡಿ ಅಭ್ಯಾಸ ಮಾಡಿ. ಮೊದಲು ಲಿವರನ್ನು ಹಿಂಡುವುದು. ಫೋರ್ಕ್ (ಮುಂದಿನ ಸಸ್ಪೆನ್ಶನ್) ಇಳಿದು ತೂಕ ಮುಂದಿನ ಟೈರಿನ ಮೇಲೆ ಕೂರಲು ಚೂರು ಹೊತ್ತು ಬೇಕು. ಅದಕ್ಕೆ ಮೊದಲೇ ಲಿವರ್ ಕಿತ್ತು ಹಿಡಿದರೆ ತೂಕವಿಲ್ಲದ ಟೈರು ಲಾಕ್ ಆಗುತ್ತದೆ. ಎರಡನೆಯದು ಬೈಕು ನೆಟ್ಟಗಿರುವಾಗ ಪೂರ್ತಿ ಬಲ. ಮೂರನೆಯದು, ಬೈಕು ವಾಲಿದಷ್ಟೂ ಬೆರಳು ಸಡಿಲಿಸುತ್ತ ಏಪೆಕ್ಸಿನವರೆಗೆ (ತಿರುವಿನ ಅತ್ಯಂತ ಒಳಗಿನ ಬಿಂದು) ಹೋಗುವುದು. ಟೈರಿನ ಹಿಡಿತಕ್ಕೊಂದು ಮಿತಿಯಿದೆ, ವಾಲಿಕೆ ಹೆಚ್ಚು ಕೇಳಿದಂತೆ ಬ್ರೇಕಿಗೆ ಉಳಿಯುವುದು ಕಡಿಮೆ. ತಟ್ಟನೆ ಬಿಟ್ಟರೆ ಫೋರ್ಕ್ ಮೇಲೆದ್ದು ಬೈಕು ಅಗಲಕ್ಕೆ ಓಡುತ್ತದೆ. ಬಿಡದೆ ಹಾಗೇ ವಾಲಿಸಿದರೆ ಮುಂದಿನ ಚಕ್ರ ಮಡಚಿಕೊಂಡು ಲೋ ಸೈಡ್ ಆಗುತ್ತದೆ, ಅಂದರೆ ಬೈಕು ವಾಲಿದ ಬದಿಗೇ ಜಾರಿ ಬೀಳುತ್ತದೆ.

ಅಭ್ಯಾಸ ಹೀಗೆ. ಒಂದೇ ತಿರುವು ಆರಿಸಿ. ಬ್ರೇಕ್ ಹಿಡಿಯುವ ಗುರುತನ್ನು ಐದು ಲ್ಯಾಪ್ ಬದಲಿಸದೆ ಇಟ್ಟು, ಬಿಡುವ ಜಾಗ ಮಾತ್ರ ಚೂರುಚೂರು ಮುಂದಕ್ಕೆ ತಳ್ಳುತ್ತ ತಿರುವಿನ ನಡುವಿನ ವೇಗ ಗಮನಿಸಿ. ಅದು ಸ್ಥಿರವಾದ ಮೇಲೆ ಹಿಡಿಯುವ ಗುರುತನ್ನು ಒಂದೆರಡು ಮೀಟರ್ ಒಳಕ್ಕೆ ಸರಿಸಿ. ಗಂಟೆಗೆ 200 ಕಿಲೋಮೀಟರಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೆಂದರೆ ಐದೂವರೆ ಮೀಟರ್. ಗುರುತನ್ನು ಕಣ್ಣಂದಾಜಿನಲ್ಲಿ ಇಟ್ಟುಕೊಂಡರೆ ಪ್ರತಿ ಲ್ಯಾಪಿಗೆ ಅಷ್ಟು ಏರುಪೇರಾಗುವುದು ಸಹಜ. ಹಾಗಾಗಿ ಟ್ರ್ಯಾಕಿನ ಅಂಚಿನ ಫಲಕ, ಡಾಂಬರಿನ ಜೋಡು, ಕರ್ಬಿನ ಆರಂಭದಂಥ ಕದಲದ ವಸ್ತುವನ್ನೇ ಹಿಡಿಯಿರಿ. ನೆರಳನ್ನು ಗುರುತಾಗಿ ಹಿಡಿದವರು ಮಧ್ಯಾಹ್ನದ ರೇಸಿನಲ್ಲಿ ಜಲ್ಲಿಗೆ ಹೋಗಿದ್ದುಂಟು.

ಹೊರಬರುವಾಗ ಥ್ರಾಟಲ್ ತೆರೆಯುವುದೂ ಬೈಕನ್ನು ಎಬ್ಬಿಸುವುದೂ ಒಟ್ಟಿಗೇ ಆಗಬೇಕು. ವಾಲಿದ ಬೈಕಿನಲ್ಲಿ ಹಿಂದಿನ ಚಕ್ರ ಜಾರಿದಾಗ ಹೆದರಿ ಥ್ರಾಟಲ್ ಮುಚ್ಚಿದರೆ ಟೈರು ಒಮ್ಮೆಲೇ ಹಿಡಿತ ಪಡೆಯುತ್ತದೆ, ಅಮುಕಿಕೊಂಡಿದ್ದ ಶಾಕ್ (ಹಿಂದಿನ ಸಸ್ಪೆನ್ಶನ್) ಚಿಮ್ಮುತ್ತದೆ, ಸವಾರ ಹ್ಯಾಂಡಲಿನ ಮೇಲಿಂದ ಹಾರುತ್ತಾನೆ. ಹೈ ಸೈಡ್ ಎಂದರೆ ಇದೇ. ಜಾರಿದಾಗ ಥ್ರಾಟಲನ್ನು ಇದ್ದಲ್ಲೇ ಹಿಡಿದು, ಹೊರಗಿನ ಫುಟ್‌ಪೆಗ್ ಒತ್ತಿ ಬೈಕನ್ನು ಎಬ್ಬಿಸಿ.

ಸ್ಥಿರತೆಯ ಪರೀಕ್ಷೆಗೆ ರೇಸಿನಷ್ಟೇ ದೂರ, ಬಳಸಿದ ಟೈರಿನಲ್ಲಿ, ಒಬ್ಬರೇ ಓಡಿಸಿ. ಮೊದಲ ಲ್ಯಾಪ್ ಬಿಟ್ಟು ಉಳಿದವು ಅರ್ಧ ಸೆಕೆಂಡಿನ ಒಳಗೇ ಇದ್ದರೆ ರಾಷ್ಟ್ರೀಯ ಮಟ್ಟಕ್ಕೆ ಅಡಿಪಾಯ ಬಿದ್ದಿದೆ. ಪ್ರತಿ ಸೆಕ್ಟರಿನ (ಲ್ಯಾಪನ್ನು ವಿಂಗಡಿಸಿದ ಭಾಗ) ಅತ್ಯುತ್ತಮ ಸಮಯಗಳನ್ನು ಕೂಡಿಸಿ ನಿಮ್ಮ ಅತ್ಯುತ್ತಮ ಲ್ಯಾಪಿನ ಜೊತೆ ಹೋಲಿಸಿ. ಅಂತರ ದೊಡ್ಡದಿದ್ದರೆ ಬೈಕಿನ ಮೇಲೆ ದೂರು ಹೊರಿಸುವ ಸಮಯ ಇನ್ನೂ ಬಂದಿಲ್ಲ.

ಹಂತ 7: ಎಂಜಿನಿಯರ್‌ಗೆ ಹೇಳುವ ಮಾತು

ವೃತ್ತಿಪರರನ್ನೂ ಹವ್ಯಾಸಿಗಳನ್ನೂ ಬೇರ್ಪಡಿಸುವುದು ಹೆಲ್ಮೆಟ್ ತೆಗೆದ ಮೊದಲ ಐದು ನಿಮಿಷ. “ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡಿ” ಎನ್ನುವುದು ವರದಿಯಲ್ಲ, ಆದೇಶ. ಅದು ತಪ್ಪಿದ್ದರೆ ಇಡೀ ಸೆಷನ್ ಹಾಳು. ಕ್ರೂ ಚೀಫ್‌ಗೆ (ಸವಾರರ ಮುಖ್ಯ ಎಂಜಿನಿಯರ್) ಬೇಕಾದ ಉತ್ತರಗಳು ನಾಲ್ಕು. ಯಾವ ತಿರುವು? ತಿರುವಿನ ಯಾವ ಘಟ್ಟ, ಅಂದರೆ ಬ್ರೇಕ್ ಹಿಡಿಯುವಾಗಲೋ, ಒಳಕ್ಕೆ ವಾಲಿಸುವಾಗಲೋ, ನಡುವಿನಲ್ಲೋ, ಥ್ರಾಟಲ್ ಮುಟ್ಟಿದಾಗಲೋ, ಹೊರಬರುವಾಗಲೋ? ಬೈಕು ಏನು ಮಾಡಿತು? ಎಷ್ಟನೇ ಲ್ಯಾಪಿನಿಂದ ಶುರುವಾಯಿತು?

“ಐದನೇ ತಿರುವಿನಲ್ಲಿ ಥ್ರಾಟಲ್ ತೆರೆದ ಮೇಲೆ ಬೈಕು ಅಗಲಕ್ಕೆ ಹೋಗುತ್ತಿದೆ, ಆರನೇ ಲ್ಯಾಪಿನಿಂದ” ಎಂದರೆ ಎಂಜಿನಿಯರ್ ಡೇಟಾ ತೆರೆಯುತ್ತಾರೆ. ಹಿಂದಿನ ಶಾಕ್ ಥ್ರಾಟಲ್ ಜೊತೆ ತೀರಾ ಕುಸಿಯುತ್ತಿದೆಯೇ ನೋಡುತ್ತಾರೆ. ಹಿಂಭಾಗ ಕುಸಿದರೆ ಮುಂದಿನ ಟೈರಿನ ಮೇಲೆ ತೂಕ ಉಳಿಯುವುದಿಲ್ಲ, ಬೈಕು ತಿರುಗುವುದಿಲ್ಲ. ಅದೇ ದೂರು ಮೊದಲ ಲ್ಯಾಪಿನಿಂದಲೇ ಇದ್ದರೆ ಕಾರಣ ಬಹುಶಃ ಸವಾರರು ತಿರುವಿನಲ್ಲಿ ಹಿಡಿದ ದಾರಿಯಲ್ಲಿದೆ. ಆರನೇ ಲ್ಯಾಪಿನಿಂದ ಎಂದರೆ ಹಿಂದಿನ ಟೈರಿನ ಹಿಡಿತ ಇಳಿದ ಬಳಿಕ ಸವಾರರು ಏನು ಬದಲಿಸಿದರೆಂದು ಹುಡುಕಬೇಕು. ಆ ಒಂದು ಮಾಹಿತಿ ಇಡೀ ವಿಶ್ಲೇಷಣೆಯ ದಿಕ್ಕನ್ನೇ ಬದಲಿಸುತ್ತದೆ.

ಡೇಟಾ ನೋಡುವುದನ್ನು ಸವಾರರೂ ಕಲಿಯಬೇಕು. ವೇಗ, ಥ್ರಾಟಲ್ ತೆರೆದ ಪ್ರಮಾಣ, ಮುಂದಿನ ಬ್ರೇಕಿನ ಒತ್ತಡ, ಫೋರ್ಕ್ ಮತ್ತು ಶಾಕ್‌ನ ಚಲನೆ, ಈ ಐದರ ಗ್ರಾಫ್ ಗೆರೆಗಳನ್ನು ಸಹ ಸವಾರರ ಗೆರೆಗಳ ಮೇಲಿಟ್ಟು ಓದಲು ಬಂದರೆ ಸಾಕು. ಬ್ರೇಕ್ ಪೂರ್ತಿ ಬಿಟ್ಟು ಥ್ರಾಟಲ್ ಇನ್ನೂ ಮುಟ್ಟದ ಖಾಲಿ ಜಾಗ ಎಷ್ಟು ಉದ್ದವಿದೆ ನೋಡಿ. ಹೊಸಬರ ಕಳೆದುಹೋದ ಸಮಯ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಗೇರಿಂಗ್ ವಿಷಯದಲ್ಲಿ ಒಂದು ಲೆಕ್ಕ ತಲೆಯಲ್ಲಿರಲಿ. ಮುಂದಿನ ಸ್ಪ್ರಾಕೆಟ್ಟಿನ ಒಂದು ಹಲ್ಲು ಹಿಂದಿನ ಸುಮಾರು ಮೂರು ಹಲ್ಲಿಗೆ ಸಮ. ಅತಿ ಉದ್ದದ ನೇರ ಹಾದಿಯ ಕೊನೆಯಲ್ಲಿ, ಇನ್ನೊಬ್ಬರ ಬೆನ್ನ ಹಿಂದಿನ ಸೆಳೆತ ಸಿಕ್ಕಾಗಲೂ, ಕೊನೆಯ ಗೇರು ಲಿಮಿಟರಿಗೆ (ಎಂಜಿನ್ ವೇಗದ ಮಿತಿ) ಬಡಿಯಬಾರದು.

ಹಂತ 8: ರೇಸಿನ ದಿನ

ಧ್ವಜಗಳನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವಂತಿರಬೇಕು. ಹಳದಿ ಬೀಸಿದರೆ ಮುಂದೆ ಅಪಾಯ, ಯಾರನ್ನೂ ದಾಟುವಂತಿಲ್ಲ. ಕೆಂಪು ಮತ್ತು ಹಳದಿ ಪಟ್ಟೆ ಎಂದರೆ ಮೇಲ್ಮೈ ಜಾರುತ್ತಿದೆ. ಕಪ್ಪು ಬಟ್ಟೆಯಲ್ಲಿ ಕಿತ್ತಳೆ ವೃತ್ತದ ಜೊತೆ ನಿಮ್ಮ ನಂಬರ್ ತೋರಿಸಿದರೆ ನಿಮ್ಮ ಬೈಕಿನಲ್ಲೇ ದೋಷ, ತಕ್ಷಣ ಓಟದ ದಾರಿ ಬಿಟ್ಟು ನಿಲ್ಲಿಸಬೇಕು. ಎಣ್ಣೆ ಸೋರುತ್ತಿರುವಾಗ ಇನ್ನೊಂದು ಲ್ಯಾಪ್ ಓಡಿಸಿದರೆ ಹಿಂದಿನವರನ್ನೆಲ್ಲ ಬೀಳಿಸುತ್ತೀರಿ.

ಮೊದಲ ಲ್ಯಾಪಿನಲ್ಲಿ ಟೈರಿನ ಎರಡೂ ಬದಿ ಒಂದೇ ಸಮ ಬಿಸಿಯಿರುವುದಿಲ್ಲ. ಜರ್ಮನಿಯ ಸಾಕ್ಸೆನ್‌ರಿಂಗ್ ಟ್ರ್ಯಾಕಿನ 13 ತಿರುವುಗಳಲ್ಲಿ ಬಲಕ್ಕಿರುವುದು ಮೂರೇ. ಸಾಲುಸಾಲು ಎಡ ತಿರುವು ಮುಗಿಸಿ ಇಳಿಜಾರಿನಲ್ಲಿ ಬರುವ ಹನ್ನೊಂದನೇ ತಿರುವಿನಲ್ಲಿ ತಣ್ಣಗಾದ ಬಲಬದಿಯ ಮೇಲೆ ಬಿದ್ದ ಘಟಾನುಘಟಿಗಳ ಪಟ್ಟಿ ಉದ್ದವಿದೆ. ಯಾವ ಟ್ರ್ಯಾಕಿಗೆ ಹೋದರೂ ಇಂಥ ತಿರುವು ಯಾವುದೆಂದು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿ.

ಅಂಕಗಳ ಲೆಕ್ಕವೂ ಸವಾರಿಯ ಭಾಗವೇ. ಗೆದ್ದವರಿಗೆ 25, ಆಮೇಲೆ 20, 16, 13, 11, ಹೀಗೆ ಹದಿನೈದನೇ ಸ್ಥಾನಕ್ಕೆ 1. ಐದು ರೇಸಿನಲ್ಲಿ ಎರಡು ಗೆದ್ದು ಮೂರರಲ್ಲಿ ಬಿದ್ದವರಿಗೆ 50 ಅಂಕ. ಐದರಲ್ಲೂ ಐದನೆಯವರಾಗಿ ಬಂದವರಿಗೆ 55, ಜೊತೆಗೆ ಒಂದು ಫೇರಿಂಗೂ ಒಡೆದಿರುವುದಿಲ್ಲ.

ಹಂತ 9: ದೇಹ

ರೇಸಿನುದ್ದಕ್ಕೂ ಹೃದಯ ಬಡಿತ ನಿಮಿಷಕ್ಕೆ 160 ದಾಟುವುದು ಸಾಮಾನ್ಯ, ಅದೂ ಬಿಸಿ ಎಂಜಿನ್ ಮೇಲೆ ಗಾಳಿಯಾಡದ ಲೆದರಿನೊಳಗೆ. ಸೈಕ್ಲಿಂಗ್ ಮತ್ತು ಓಟ ತಳಪಾಯ. ಅದರ ಮೇಲೆ ತೊಡೆ ಮತ್ತು ಹೊಟ್ಟೆಯ ಬಲ. ಬ್ರೇಕಿಂಗಿನಲ್ಲಿ ದೇಹವನ್ನು ತೊಡೆಯಿಂದ ಟ್ಯಾಂಕಿಗೆ ಒತ್ತಿ ಹಿಡಿಯಬೇಕು. ಆ ಭಾರ ಕೈಗೆ ಹೋದರೆ ಮುಂಗೈ ಸ್ನಾಯುಗಳು ಊದಿ, ಸುತ್ತಲಿನ ಪೊರೆ ಹಿಗ್ಗದೆ ರಕ್ತ ಓಡದಂತಾಗಿ ಬೆರಳು ಮರಗಟ್ಟುತ್ತವೆ. ಆರ್ಮ್ ಪಂಪ್ ಎನ್ನುವ ಈ ತೊಂದರೆಗೆ ಆ ಪೊರೆಯನ್ನು ಸೀಳುವ ಶಸ್ತ್ರಚಿಕಿತ್ಸೆಯಿದೆ. ಅದಕ್ಕೆ ಮೊದಲು ಲಿವರಿನ ಎತ್ತರ, ಗ್ರಿಪ್ಪಿನ ದಪ್ಪ, ಗ್ಲೌಸಿನ ಬಿಗಿ, ಕೂರುವ ಭಂಗಿ ಸರಿಪಡಿಸಿ ನೋಡಿ. ಹಲವರಿಗೆ ಅಷ್ಟೇ ಸಾಕಾಗುತ್ತದೆ.

ತೂಕ ಇಳಿಸುವ ಹುಚ್ಚಿಗೆ ಬೀಳುವ ಮುನ್ನ ನಿಯಮ ಓದಿ. ಮೋಟೋ3ರಲ್ಲಿ ಸವಾರ ಮತ್ತು ಬೈಕು ಸೇರಿ ಕನಿಷ್ಠ 152 ಕಿಲೋ, ಮೋಟೋ2ರಲ್ಲಿ 217 ಕಿಲೋ. ಅದಕ್ಕಿಂತ ಹಗುರಿದ್ದರೆ ಬೈಕಿಗೆ ತೂಕ ಕಟ್ಟುತ್ತಾರೆ, ಉಪವಾಸ ಮಾಡಿದ್ದಕ್ಕೆ ಬಂದದ್ದು ಸುಸ್ತು ಮಾತ್ರ. ಮೋಟೋಜಿಪಿಯಲ್ಲಿ ಬೈಕಿಗಷ್ಟೇ 157 ಕಿಲೋ ಮಿತಿ.

ತಲೆಗೆ ಪೆಟ್ಟು ಬಿದ್ದ ದಿನ ಮತ್ತೆ ಬೈಕು ಹತ್ತಬೇಡಿ, ವೈದ್ಯರು ಬಿಟ್ಟರೂ ಕೂಡ. ಮೂಳೆ ಮುರಿದಾಗ ಅವಸರ ಮಾಡಿದರೆ ಏನಾಗುತ್ತದೆಂಬುದಕ್ಕೆ ಮೋಟೋಜಿಪಿ ಚಾಂಪಿಯನ್ ಮಾರ್ಕ್ ಮಾರ್ಕೆಸ್ ಉದಾಹರಣೆ ಸಾಕು. 2020ರ ಜುಲೈನಲ್ಲಿ ಹೆರೆಸ್‌ನಲ್ಲಿ ಬಲತೋಳಿನ ಮೂಳೆ ಮುರಿಯಿತು. ಪ್ಲೇಟ್ ಹಾಕಿಸಿಕೊಂಡು ಅದೇ ವಾರ ಮತ್ತೆ ಬೈಕು ಹತ್ತಿದರು. ಪ್ಲೇಟ್ ಕೈಕೊಟ್ಟಿತು. ಒಟ್ಟು ನಾಲ್ಕು ಶಸ್ತ್ರಚಿಕಿತ್ಸೆಗಳಾದವು, ಕೊನೆಯದು 2022ರಲ್ಲಿ. 2019ರ ಬಳಿಕ ಮುಂದಿನ ಪಟ್ಟ ಅವರಿಗೆ ಸಿಕ್ಕಿದ್ದು 2025ರಲ್ಲಿ. ಅವರಷ್ಟು ಹೆಸರಿಲ್ಲದ ಸವಾರರಿಗೆ ಯಾವ ತಂಡವೂ ಅಷ್ಟು ಕಾಯುವುದಿಲ್ಲ.

ಹಂತ 10: ದುಡ್ಡು ಮತ್ತು ಒಪ್ಪಂದ

ಮೊದಲ ವರ್ಷಗಳಲ್ಲಿ ಬಹುತೇಕರು ಸೀಟಿಗೆ ತಾವೇ ದುಡ್ಡು ಕೊಡುತ್ತಾರೆ, ಅಂದರೆ ಪ್ರಾಯೋಜಕರನ್ನು ತಾವೇ ತರುತ್ತಾರೆ. ಬಜೆಟ್ ಬರೆಯುವಾಗ ಎಲ್ಲರೂ ಪ್ರವೇಶ ಶುಲ್ಕ, ಟೈರು, ಇಂಧನ, ಪ್ರಯಾಣ ಬರೆಯುತ್ತಾರೆ. ಬೀಳುವ ಖರ್ಚನ್ನು ಬರೆಯುವವರು ಕಡಿಮೆ, ಸೀಸನ್ನಿನ ನಡುವೆ ದುಡ್ಡು ಮುಗಿಯುವುದು ಅದರಿಂದಲೇ. ಪ್ರತಿ ರೇಸಿಗೆ ಬ್ರೇಕ್ ಮತ್ತು ಕ್ಲಚ್ ಲಿವರ್ ಎರಡೆರಡು, ಎರಡು ಜೊತೆ ಫುಟ್‌ಪೆಗ್, ಗೇರ್ ಪೆಡಲ್, ಎರಡೂ ಬದಿಯ ಕ್ಲಿಪ್ ಆನ್ ಹ್ಯಾಂಡಲ್, ಎಂಜಿನ್ ಕವರ್, ರೇಡಿಯೇಟರ್, ಬಣ್ಣ ಬಳಿದ ಒಂದು ಫೇರಿಂಗ್ ಇಷ್ಟು ಬಿಡಿಭಾಗಗಳು ಪೆಟ್ಟಿಗೆಯಲ್ಲಿರಲೇಬೇಕು. ಎರಡು ಲಿವರ್ ಇಲ್ಲದೆ ರೇಸ್ ತಪ್ಪಿಸಿಕೊಂಡ ಸವಾರರಿಗೆ ಪ್ರಾಯೋಜಕರು ಇನ್ನೊಮ್ಮೆ ಫೋನ್ ಎತ್ತುವುದಿಲ್ಲ.

ಪ್ರಾಯೋಜಕರಿಗೆ ಕಳಿಸುವ ಪತ್ರ ಒಂದೇ ಪುಟ. ಅದರಲ್ಲಿ ಮೂರು ವರ್ಷದ ಫಲಿತಾಂಶ, ಮುಂದಿನ ಸೀಸನ್ನಿನ ರೇಸ್ ದಿನಾಂಕಗಳು, ಅವರ ಹೆಸರು ಎಲ್ಲೆಲ್ಲಿ ಕಾಣುತ್ತದೆ ಎಂಬ ಚಿತ್ರ, ಅವರ ಗ್ರಾಹಕರನ್ನು ಟ್ರ್ಯಾಕಿಗೆ ಕರೆತರುವ ಯೋಜನೆ. ರೇಸ್ ಮುಗಿದ ಎರಡು ದಿನದೊಳಗೆ, ಸೋತಿದ್ದರೂ, ಚಿತ್ರಗಳ ಜೊತೆ ವರದಿ ಕಳಿಸಿ.

ತಂಡ ಒಪ್ಪಂದ ಮುಂದಿಟ್ಟಾಗ ಸಂಬಳದ ಅಂಕಿಗಿಂತ ಮೊದಲು ಇವನ್ನು ಓದಿ, ಓದಿಸಿ. ಬಿದ್ದಾಗ ಬೈಕಿನ ಖರ್ಚು ಯಾರದು? ಗಾಯಗೊಂಡಾಗ ಸಂಬಳ ಎಷ್ಟು ದಿನ ಮುಂದುವರಿಯುತ್ತದೆ? ವಿಮೆ ಆಸ್ಪತ್ರೆಯ ಖರ್ಚಿನ ಜೊತೆಗೆ ವಿದೇಶದಿಂದ ವಾಪಸ್ ಕರೆತರುವುದನ್ನೂ ಭರಿಸುತ್ತದೆಯೇ? ಸೀಸನ್ನಿನ ನಡುವೆ ಫಲಿತಾಂಶದ ನೆಪದಲ್ಲಿ ತೆಗೆದುಹಾಕುವ ಷರತ್ತಿದೆಯೇ, ಇದ್ದರೆ ಯಾವ ಸ್ಥಾನಕ್ಕಿಂತ ಕೆಳಗೆ? ಎಷ್ಟು ದಿನ ಟೆಸ್ಟಿಂಗ್ ಸಿಗುತ್ತದೆ? ಹೆಲ್ಮೆಟ್ ಮತ್ತು ಸೂಟಿನ ಮೇಲಿನ ಜಾಗ ಯಾರದು? ಟೆಸ್ಟಿಂಗ್ ದಿನಗಳ ಸಾಲು ಖಾಲಿಯಿರುವ ಒಪ್ಪಂದಕ್ಕಿಂತ ಕಡಿಮೆ ಸಂಬಳದ, ಹೆಚ್ಚು ಟೆಸ್ಟಿಂಗಿನ ಒಪ್ಪಂದ ಕಿರಿಯ ಸವಾರರಿಗೆ ಲಾಭ.

ಹಂತ 11: ಮೇಲಿನ ಮೆಟ್ಟಿಲು, ಕೊನೆಯ ಮೆಟ್ಟಿಲು

ಏಣಿ ಬದಲಿಸುವುದೂ ಸಾಧ್ಯ. ಟೊಪ್ರಾಕ್ ರಾಜ್‌ಗಟ್ಲಿಯೊಲು ಸೂಪರ್‌ಸ್ಟಾಕ್ (ಹೆಚ್ಚು ತಿದ್ದದ ಶೋರೂಮ್ ಬೈಕುಗಳ ರೇಸ್) ದಾರಿಯಲ್ಲಿ ಬಂದು 2021, 2024 ಮತ್ತು 2025ರಲ್ಲಿ ವರ್ಲ್ಡ್ ಸೂಪರ್‌ಬೈಕ್ ಗೆದ್ದ ಮೇಲೆ 2026ಕ್ಕೆ ಮೋಟೋಜಿಪಿಗೆ ಹೋದರು. ಮೋಟೋಜಿಪಿಯಲ್ಲಿ ಜಾಗ ಕಳೆದುಕೊಂಡು ಸೂಪರ್‌ಬೈಕಿಗೆ ಬಂದವರೂ ಬಹಳ. ಹಾಗೆ ಬರುವುದು ಹಿಂಬಡ್ತಿಯಂತೆ ಕಂಡರೂ, ಹಿಂದಿನ ಸಾಲಿನಲ್ಲಿ ಹದಿನೆಂಟನೆಯವರಾಗಿ ಓಡುವುದಕ್ಕಿಂತ ಗೆಲ್ಲಬಲ್ಲ ಬೈಕಿನ ಮೇಲೆ ಕೂರುವುದೇ ಹೊಟ್ಟೆಪಾಡಿಗೆ ಒಳ್ಳೆಯದು.

ವೃತ್ತಿ ಎಷ್ಟು ವರ್ಷವೆಂಬುದಕ್ಕೆ ಅಳತೆಗೋಲಿಲ್ಲ. ಸ್ಟೋನರ್ 2012ರಲ್ಲಿ 27ನೇ ವಯಸ್ಸಿಗೇ ಬಿಟ್ಟರು, ವ್ಯಾಲೆಂಟಿನೊ ರೊಸ್ಸಿ 1996ರಿಂದ 2021ರವರೆಗೆ ಓಡಿದರು. ಬಿಟ್ಟ ಮೇಲೂ ಉಳಿಯುವ ಕೆಲಸಗಳಲ್ಲಿ ಮೇಲ್ಮಟ್ಟದ್ದು ಟೆಸ್ಟ್ ಸವಾರಿ. 2018ರ ಕೊನೆಗೆ ನಿವೃತ್ತರಾದ ಡಾನಿ ಪೆಡ್ರೋಸಾ ಕೆಟಿಎಂನ ಟೆಸ್ಟ್ ಸವಾರರಾಗಿ, 2023ರಲ್ಲಿ ಮಿಸಾನೊಗೆ ವೈಲ್ಡ್ ಕಾರ್ಡಿನಲ್ಲಿ (ಆ ಒಂದು ಸುತ್ತಿಗಷ್ಟೇ ಪ್ರವೇಶ) ಬಂದು ಸ್ಪ್ರಿಂಟ್ ಮತ್ತು ಮುಖ್ಯ ರೇಸ್ ಎರಡರಲ್ಲೂ ನಾಲ್ಕನೆಯವರಾದರು. ಅಂಥ ಕೆಲಸಕ್ಕೆ ಕಾರ್ಖಾನೆಗಳು ಕರೆಯುವುದು ಏಳನೇ ಹಂತದಲ್ಲಿ ಹೇಳಿದ ವರದಿ ಕೊಡಬಲ್ಲವರನ್ನು. ಅದರ ಮಾತನ್ನು ಕೊನೆಯ ಸೀಸನ್ನಿನ ನಡುವಿನಲ್ಲೇ, ಇನ್ನೂ ಅಂಕ ಗಳಿಸುತ್ತಿರುವಾಗಲೇ ಎತ್ತಿ. ಮುಂದಿನ ವರ್ಷದ ಟೆಸ್ಟ್ ವೇಳಾಪಟ್ಟಿಯೂ ಅದರ ಬಜೆಟ್ಟೂ ಸೀಸನ್ ಮುಗಿಯುವ ಮುಂಚೆಯೇ ನಿಗದಿಯಾಗಿರುತ್ತವೆ.